ವಾಡಿಯ ಆರು ಖೋಲಿಗಳು

೧೯೭೪ರಲ್ಲಿ ನಾನು ಶಹಾಬಾದಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಸಾಲ ಕೇಳಿ ಬಂದವರ ಕಾಗದಪತ್ರ ಪರಿಶೀಲಿಸಿ, ಆಸ್ತಿಯನ್ನು ಕಣ್ಣಾರೆ ನೋಡಿ ಬಂದು, ಕೊಡಬಹುದೋ ಬೇಡವೋ ಎಂದು ಮ್ಯಾನೇಜರರಿಗೆ ವರದಿ ಬರೆಯುವುದು ನನ್ನ ಕೆಲಸ. ಸಂಶಯಪಡುವುದಕ್ಕೇ ಸಂಬಳ ಕೊಡುವ ಹುದ್ದೆ ಅದು, ಮತ್ತು ಅದಕ್ಕೆ ನಾನು ಹೇಳಿ ಮಾಡಿಸಿದ ಮನುಷ್ಯ. ಸಂತೆಯಲ್ಲಿ ಬದನೆಕಾಯಿ ಕೊಂಡರೂ ಒಂದೊಂದನ್ನೇ ತಿರುಗಿಸಿ ತೂತು ಹುಡುಕುತ್ತಿದ್ದೆ. ಹೆಂಡತಿ ನನ್ನ ಜೊತೆ ಸಂತೆಗೆ ಬರುವುದನ್ನೇ ಬಿಟ್ಟಿದ್ದಳು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಮೌಲಾಬಿ ಎಂಬುವರು ಬ್ಯಾಂಕಿಗೆ ಬಂದರು. ವಯಸ್ಸು ನಲವತ್ತರ ಆಸುಪಾಸು. ಗಂಡ ಲಾರಿ ಡ್ರೈವರ್, ತಿಂಗಳಿಗೊಮ್ಮೆ ಮನೆ ಕಂಡರೆ ಹೆಚ್ಚು. ಸಂಸಾರ ನಡೆಯುತ್ತಿದ್ದದ್ದು ವಾಡಿ ಜಂಕ್ಷನ್ ಹತ್ತಿರ ಅವರು ರೈಲ್ವೆ ಮಂದಿಗಾಗಿ ಇಟ್ಟುಕೊಂಡಿದ್ದ ಖಾನಾವಳಿಯಿಂದ. ಅದೇ ಊರಿನಲ್ಲಿ ಒಂದು ಸಾಲು ಆರು ಖೋಲಿಗಳು, ಅಂದರೆ ಒಂದೊಂದೇ ಕೋಣೆಯ ಮನೆಗಳು, ಮಾರಾಟಕ್ಕಿದ್ದವು. ಅವನ್ನು ಕೊಂಡು ಬಾಡಿಗೆಗೆ ಬಿಡಬೇಕೆಂಬುದು ಅವರ ಆಸೆ.

"ರೊಟ್ಟಿ ಬಡಿಯೋ ಕೈ ಇನ್ನ ಎಷ್ಟು ವರ್ಷ ನಡೀತದರಿ ಸಾಹೇಬ್ರ? ಈಗೇ ಮುಂಗೈ ಬಾವು ಬರಾಕತ್ತದ. ಕೈ ನಿಂತ ಮ್ಯಾಲ ಬಾಡಗಿ ಮ್ಯಾಲ ಹೊಟ್ಟಿ ನಡೀಬೇಕು," ಅಂದರು.

ಖೋಲಿಗಳ ಮಾಲೀಕರು ಭಂಕೂರಿನ ಶಿವಶರಣಪ್ಪ, ಕಲ್ಲಿನ ಖಣಿಗಳ ಕಂತ್ರಾಟುದಾರರು. ಬೆಲೆ ಹದಿನಾಲ್ಕು ಸಾವಿರ ರೂಪಾಯಿ. ಮೌಲಾಬಿಯ ಸ್ವಂತದ್ದು ಐದು ಸಾವಿರದ ಆರುನೂರು. ಉಳಿದ ಎಂಟು ಸಾವಿರದ ನಾನೂರು ಬ್ಯಾಂಕು ಕೊಡಬೇಕು. ಸ್ವಂತದ ಹಣದಲ್ಲಿ ಐನೂರನ್ನು ಅವರು ಆಗಲೇ ಇಸಾರ, ಅಂದರೆ ಮುಂಗಡ, ಕೊಟ್ಟಾಗಿತ್ತು. ಡಿಸೆಂಬರ್ ಕೊನೆಯೊಳಗೆ ಖರೀದಿ ಪತ್ರ ನೋಂದಣಿಯಾಗದಿದ್ದರೆ ಆ ಐನೂರು ಹೋದಂತೆಯೇ.

ಲೆಕ್ಕ ಚೆನ್ನಾಗಿತ್ತು. ಖೋಲಿಗೆ ಮೂವತ್ತರಂತೆ ತಿಂಗಳಿಗೆ ನೂರ ಎಂಬತ್ತು ಬಾಡಿಗೆ. ಏಳು ವರ್ಷದ ಸಾಲಕ್ಕೆ ಕಂತು ನೂರೈವತ್ತರ ಒಳಗೆ. ಬಾಡಿಗೆಯೇ ಸಾಲ ತೀರಿಸುತ್ತದೆ. ನನಗೆ ಸಂಶಯ ಶುರುವಾದದ್ದು ಅಲ್ಲೇ. ಇಷ್ಟು ಒಳ್ಳೆಯ ಆಸ್ತಿಯನ್ನು ಖಾನಾವಳಿ ನಡೆಸುವ ಹೆಂಗಸು ಹುಡುಕಿ ತೆಗೆದದ್ದು ಹೇಗೆ? ಹಿಂದೆ ಯಾರೋ ದೊಡ್ಡವರಿದ್ದಾರೆ, ಇದು ಬೇನಾಮಿ ವ್ಯವಹಾರ, ಹೆಸರು ಮಾತ್ರ ಇವರದು ಎಂದು ಮನಸ್ಸು ಹೇಳಿತು. ಪೋಸ್ಟ್ ಆಫೀಸಿನ ಪಾಸ್‌ಬುಕ್ ತರಿಸಿದೆ. ಹನ್ನೊಂದು ವರ್ಷ ಐದು, ಹತ್ತು, ಏಳು ರೂಪಾಯಿ ಕಟ್ಟುತ್ತ ಬಂದಿದ್ದಾರೆ. ಆದರೆ ಹಿಂದಿನ ವರ್ಷ ಒಂದೇ ದಿನ ಸಾವಿರದ ಒಂಬೈನೂರು ಜಮಾ ಆಗಿದೆ.

"ಇದು ಎಲ್ಲಿಂದ ಬಂತು?"

"ಭಿಶಿ ಎತ್ತಿದ್ದರಿ."

ಭಿಶಿ ಎಂದರೆ ಹತ್ತಿಪ್ಪತ್ತು ಹೆಂಗಸರು ತಿಂಗಳಿಗಿಷ್ಟು ಎಂದು ಕೂಡಿಸಿ ಸರದಿಯ ಮೇಲೆ ಒಬ್ಬೊಬ್ಬರು ಪೂರ್ತಿ ಗಂಟು ಎತ್ತಿಕೊಳ್ಳುವ ಏರ್ಪಾಡು. ಅದರಲ್ಲಿ ಯಾರ್ಯಾರಿದ್ದಾರೆ, ಹೆಸರು ಹೇಳಿ, ಇಬ್ಬರನ್ನಾದರೂ ಕರೆತಂದು ಸಾಕ್ಷಿ ಹಾಕಿಸಿ ಅಂದೆ. ಮೌಲಾಬಿ ನೆಲ ನೋಡುತ್ತ ಕುಳಿತರು.

"ಹೆಸರು ಹೇಳಾಕ ಬರಂಗಿಲ್ಲರಿ. ನಂಬಿ ರೊಕ್ಕ ಹಾಕ್ಯಾರ."

"ಹೇಳಲಿಲ್ಲಂದ್ರ ನಾ ಏನಂತ ತಿಳಕೋಬೇಕು?"

"ನೀವು ತಿಳಕೊಂಡಾಗ್ಯದಲ್ಲರಿ," ಅಂದವರೇ ಎದ್ದು ಹೋದರು.

ಆ ಮಾತು ನನಗೆ ಚುಚ್ಚಿತು. ಅದೇ ವಾರ ಖೋಲಿ ನೋಡಲು ವಾಡಿಗೆ ಹೋದೆ. ಶಿವಶರಣಪ್ಪನವರು ಜೀಪು ತಂದಿದ್ದರು. ಬಿಳಿ ಧೋತರ, ಮೇಲೊಂದು ಕೋಟು, ಮಾತಿಗೊಮ್ಮೆ ‘ಸರ್ಕಾರ್’. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿ ಚಹಾ ಕೊಟ್ಟರು. ಅವರ ಕಾಗದಗಳು ಕನ್ನಡಿಯಂತಿದ್ದವು. ಹದಿಮೂರು ವರ್ಷದ ಋಣಭಾರ ಪತ್ರ ತೆಗೆಸಿದ್ದೆ. ಆಸ್ತಿಯ ಮೇಲೆ ನೋಂದಣಿಯಾದ ಯಾವ ಸಾಲವಿದ್ದರೂ ಅದರಲ್ಲಿ ಕಾಣುತ್ತದೆ. ಒಂದೂ ಇರಲಿಲ್ಲ.

ಆರೂ ಬಾಗಿಲಿಗೆ ಹೋಗಿ ಬಾಡಿಗೆ ಎಷ್ಟು ಎಂದು ಕೇಳಿದೆ. ಆರೂ ಕಡೆ "ಮೂವತ್ತರಿ" ಎಂಬ ಉತ್ತರ ಬಂತು. ಶಿವಶರಣಪ್ಪ ನನ್ನ ಹಿಂದೆಯೇ ನಿಂತಿದ್ದರು. ಎರಡು ಖೋಲಿಗಳಿಗೆ ಸಾರಿಸಿದ ಮಣ್ಣಿನ ನೆಲ, ನಾಲ್ಕಕ್ಕೆ ಸಂದು ಕಾಣದಂತೆ ಹಾಸಿದ ನುಣುಪಾದ ಶಹಾಬಾದಿ ಪರಸಿ ಕಲ್ಲು. ಗೋಡೆಗೆ ಕಲ್ಲಿನ ಮಾಡ, ಒಲೆಯ ಮೇಲೆ ಹೊಗೆಗಿಂಡಿ. ವರದಿಯಲ್ಲಿ ‘ನಾಲ್ಕು ಖೋಲಿಗಳ ನೆಲ ಉತ್ತಮ ದರ್ಜೆಯದು’ ಎಂದು ಬರೆದು ಆಸ್ತಿಯ ಅಂದಾಜನ್ನು ಎಂಟುನೂರು ರೂಪಾಯಿ ಏರಿಸಿದೆ. ಅದರ ಕೆಳಗೆ, ‘ಆಸ್ತಿ ನಿರ್ದೋಷ. ಅರ್ಜಿದಾರಳ ಹಣದ ಮೂಲ ಮಾತ್ರ ಸಂಶಯಾಸ್ಪದ’ ಎಂದು ಸೇರಿಸಿದೆ.

ಅಂದು ಊಟಕ್ಕೆ ಕೂತಾಗ ಹೆಂಡತಿಗೆ ಈ ಕಥೆ ಹೇಳಿ, ಭಿಶಿಯ ಹೆಸರು ಹೇಳಲಿಕ್ಕೆ ಯಾಕಿಷ್ಟು ಗುಟ್ಟು, ಇದರಲ್ಲೇನೋ ಇದೆ ಅಂದೆ. ಅವಳು ಪಲ್ಯ ಬಡಿಸುತ್ತ, "ನಾನೂ ಒಂದು ಭಿಶಿಯಾಗ ಅದೀನಿ. ಮೂರು ವರ್ಷ ಆತು. ನಿಮಗ ಹೇಳೀನೇನು?" ಅಂದಳು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರ ಯಾರ್ಯಾರದಾರ, ಲೆಕ್ಕ ಯಾರು ಬರೀತಾರಂತ ಕೇಳ್ಕೋತ ಮನಿಮನಿ ತಿರಗತಿದ್ರಿ," ಅಂದಳು. ಮೌಲಾಬಿ ಆ ಹೆಂಗಸರನ್ನು ನನ್ನಂಥ ಗಂಡಂದಿರಿಂದ ಕಾಯುತ್ತಿದ್ದರು ಎಂಬುದು ಅಲ್ಲೇ ತಿಳಿಯಿತು. ಆದರೂ ಮರುದಿನ ಹೋಗಿ ವರದಿ ತಿದ್ದಲಿಲ್ಲ. ಬರೆದದ್ದನ್ನು ಹೊಡೆದುಹಾಕುವುದು ನನ್ನ ಹಮ್ಮಿಗೆ ಒಗ್ಗಲಿಲ್ಲ. ಇವತ್ತು ಹೇಳಲು ನಾಚಿಕೆಯಾಗುತ್ತದೆ.

ಡಿಸೆಂಬರ್ ಎರಡನೆಯ ವಾರ ಮೌಲಾಬಿ ಮತ್ತೆ ಬಂದರು. ಸಾಲ ಏನಾಯಿತೆಂದು ಕೇಳಲು ಬಂದಿದ್ದಾರೆಂದು ನಾನು ಮುಖ ಗಂಟಿಕ್ಕಿಕೊಂಡೆ. ಅವರು ಕೇಳಿದ್ದೇ ಬೇರೆ.

"ಸಾಹೇಬ್ರ, ನೀವು ಖೋಲಿ ಒಳಗ ಹೋಗಿದ್ರಿ?"

"ಹೋಗಿದ್ದೆ. ಚಲೋ ಅವ."

"ಪರಸಿ ನೋಡಿದ್ರಿ?"

"ನೋಡಿದೆ. ಭಾಳ ಚಲೋ ಹಾಸ್ಯಾರ."

"ಯಾರು ಹಾಸ್ಯಾರ?"

ಮಾಲೀಕರು ಎಂದು ಹೇಳಹೊರಟವನು ಬಾಯಿ ಮುಚ್ಚಿದೆ. ಮಾಲೀಕರು ಹಾಸಿದ್ದರೆ ಆರಕ್ಕೂ ಹಾಸುತ್ತಿದ್ದರು. ಅವರದೇ ಖಣಿ, ಅವರದೇ ಕಲ್ಲು.

"ನಾ ಇಷ್ಟು ದಿನ ಹೊರಗಿನಿಂದ ನೋಡಿದ್ದೆರಿ. ನಿನ್ನಿ ಗಂಡಸರು ಡ್ಯೂಟಿಗಿ ಹೋದ ಮ್ಯಾಲ ಒಳಗ ಹೋಗಿ ಕುಂತೆ. ಬಾಡಗಿ ಮನ್ಯಾಗ ಯಾರರ ತಮ್ಮ ರೊಕ್ಕ ಹಾಕಿ ಪರಸಿ ಹಾಸ್ತಾರೇನ್ರಿ? ನಾಳಿ ಬಿಡು ಅಂದ್ರ ಬಿಟ್ಟು ಹೋಗೋ ಮನಿಗಿ? ಆ ನಾಕು ಖೋಲಿ ಬಾಡಗಿ ಇಲ್ಲರಿ. ರಹನ ಅವ."

ರಹನ ನಮ್ಮ ಭಾಗದಲ್ಲಿ ನಿಜಾಮರ ಕಾಲದಿಂದ ನಡೆದು ಬಂದ ಪದ್ಧತಿ. ಮನೆಯವನಿಗೆ ಒಂದು ಇಡಿಗಂಟು ಕೊಟ್ಟು, ಅದು ವಾಪಸ್ಸು ಬರುವ ತನಕ ಬಾಡಿಗೆಯಿಲ್ಲದೆ ಮನೆಯಲ್ಲಿ ಇರುವುದು. ಗಂಟು ತಿರುಗಿ ಕೊಡದೆ ಯಾರೂ ಅವರನ್ನು ಎಬ್ಬಿಸುವಂತಿಲ್ಲ. ಸಣ್ಣ ಖೋಲಿಗಳ ರಹನವನ್ನು ಛಾಪಾ ಕಾಗದದ ಮೇಲೆ ಬರೆದು ಮುಗಿಸುತ್ತಾರೆ, ನೋಂದಣಿ ಮಾಡಿಸುವುದಿಲ್ಲ. ನಾನು ಅಷ್ಟು ನಂಬಿದ್ದ ಋಣಭಾರ ಪತ್ರದಲ್ಲಿ ಅದು ಕಾಣುವುದು ಸಾಧ್ಯವೇ ಇರಲಿಲ್ಲ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಕೇಳಬೇಕೆಂದು ಹೊಳೆಯಲಿಲ್ಲ, ಅಷ್ಟೇ.

ಮೌಲಾಬಿಯ ಜೊತೆ ಬಸ್ಸು ಹಿಡಿದು ವಾಡಿಗೆ ಹೋದೆ. ಮೊದಲ ಖೋಲಿಯ ನಾಗಮ್ಮ ಎಂಬ ಹೆಂಗಸು, ಗ್ಯಾಂಗ್‌ಮನ್ ಒಬ್ಬನ ಹೆಂಡತಿ, ಟ್ರಂಕಿನ ತಳದಿಂದ ಛಾಪಾ ಕಾಗದ ತೆಗೆದಳು. ಒಂಬೈನೂರು ರೂಪಾಯಿ, ಕೆಳಗೆ ಶಿವಶರಣಪ್ಪನವರ ಸಹಿ. ಇಂಥವು ನಾಲ್ಕು, ಒಟ್ಟು ಮೂರು ಸಾವಿರದ ಆರುನೂರು. ಹಾಗೇ ಖರೀದಿಯಾಗಿದ್ದರೆ ತಿಂಗಳಿಗೆ ಬರುತ್ತಿದ್ದದ್ದು ಎರಡು ಖೋಲಿಯ ಅರವತ್ತು ರೂಪಾಯಿ. ಕಂತಿನ ಉಳಿದ ತೊಂಬತ್ತನ್ನು ಮೌಲಾಬಿ ಬಾತಿದ ಮುಂಗೈಯಿಂದಲೇ ಏಳು ವರ್ಷ ರೊಟ್ಟಿ ಬಡಿದು ತೀರಿಸಬೇಕಿತ್ತು.

"ನನ್ನ ಮುಂದ ಮೂವತ್ತು ಅಂತ ಯಾಕ ಹೇಳಿದಿ?" ಎಂದು ನಾಗಮ್ಮನನ್ನು ಕೇಳಿದೆ.

"ಹಂಗ ಹೇಳಲಿಲ್ಲಂದ್ರ ಮನಿ ಮಾರಾಟ ಆಗಂಗಿಲ್ಲ, ನಿಮ್ಮ ರೊಕ್ಕ ಬರಂಗಿಲ್ಲ ಅಂದ್ರರಿ. ನಮ್ಮ ರೊಕ್ಕದ ಹೆದರಿಕಿ ನಮಗ."

ಮ್ಯಾನೇಜರರು ಶಿವಶರಣಪ್ಪನವರನ್ನು ಕರೆಸಿದರು. ಅವರು ಚೂರೂ ಅಳುಕಲಿಲ್ಲ.

"ರಹನ ನಮ್ಮ ಕಡಿ ಪದ್ಧತಿ ಸರ್ಕಾರ್. ಕಾಗದಾ ಕೇಳಿದ್ರು, ಕೊಟ್ಟೆ. ರಹನ ಅದನೋ ಇಲ್ಲೋ ಅಂತ ಇವರು ನನಗ ಒಂದು ಮಾತು ಕೇಳಿಲ್ಲ," ಎಂದು ನನ್ನ ಕಡೆ ಕೈ ತೋರಿಸಿದರು. ಬಾಡಿಗೆದಾರರಿಗೆ ಸುಳ್ಳು ಕಲಿಸಿದ್ದೇಕೆ ಎಂದು ಮ್ಯಾನೇಜರರು ಕೇಳಿದಾಗ ಮಾತ್ರ ಕೋಟಿನ ಗುಂಡಿ ಹಾಕತೊಡಗಿದರು.

ಮೌಲಾಬಿ ಜಗಳ ತೆಗೆಯಲಿಲ್ಲ, ಇಸಾರ ವಾಪಸ್ಸು ಕೊಡಿ ಎನ್ನಲೂ ಇಲ್ಲ. "ರಹನದ ರೊಕ್ಕ ನಿಮ್ಮ ಬಲ್ಲಿ ಅದ. ಅಷ್ಟು ಕಡಿಮಿ ಮಾಡಿ ಬರದು ಕೊಡ್ರಿ. ಆ ನಾಕು ಮಂದಿಗಿ ನಾನೇ ಕೊಡತೀನಿ," ಅಂದರು. ಸುದ್ದಿ ವಾಡಿಯಲ್ಲಿ ಹಬ್ಬಿದ ಮೇಲೆ ಬೇರೆ ಗಿರಾಕಿ ಸಿಗುವುದಿಲ್ಲವೆಂದು ಶಿವಶರಣಪ್ಪನವರಿಗೆ ಗೊತ್ತಿತ್ತು. ಹತ್ತು ಸಾವಿರದ ನಾನೂರಕ್ಕೆ ಒಪ್ಪಿದರು. ಮೌಲಾಬಿ ತಮ್ಮ ಹಣದಿಂದ ನಾಲ್ವರ ರಹನ ಬಿಡಿಸಿದರು. ನಾಲ್ವರೂ ಅಲ್ಲೇ ಬಾಡಿಗೆಗೆ ನಿಂತರು. ನಾನು ವರದಿಯನ್ನು ಹೊಸದಾಗಿ ಬರೆದೆ. ಹಳೆಯದನ್ನು ಮ್ಯಾನೇಜರರು ಹರಿಯಲು ಬಿಡಲಿಲ್ಲ, ಎರಡೂ ಕಡತದಲ್ಲಿರಲಿ ಅಂದರು.

ಚಿತ್ತಾಪುರದಲ್ಲಿ ನೋಂದಣಿ ಮುಗಿದ ದಿನ ಮೌಲಾಬಿ ಕಚೇರಿಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂದು ಕೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ನ ರೊಕ್ಕ ಎಲ್ಲಿಂದು, ಯಾರದು, ಸಾಕ್ಷಿ ಯಾರು ಅಂತ ಅಷ್ಟು ಕೇಳಿದ್ರಿ. ಅವರಿಗಿ ಯಾಕ ಕೇಳಲಿಲ್ಲ?"

ಉತ್ತರ ನನಗೆ ಗೊತ್ತಿತ್ತು. ಶಿವಶರಣಪ್ಪ ಜೀಪಿನಲ್ಲಿ ಬಂದಿದ್ದರು, ಕುರ್ಚಿ ಕೊಟ್ಟಿದ್ದರು, ನನ್ನನ್ನು ಸರ್ಕಾರ್ ಎಂದು ಕರೆದಿದ್ದರು. ಈಕೆ ಬಸ್ಸಿನಲ್ಲಿ ಬಂದು ನನ್ನ ಎದುರು ನೆಲ ನೋಡುತ್ತ ಕುಳಿತಿದ್ದರು. ನನ್ನ ಸಂಶಯ ಕೆಲಸದ ನಿಷ್ಠೆಯೆಂದು ಅಷ್ಟು ವರ್ಷ ನಂಬಿದ್ದೆ. ಅದು ತಿರುಗಿ ಮಾತಾಡಲಾರದವರ ಮೇಲೆ ಮಾತ್ರ ಓಡುತ್ತಿತ್ತು.

ನಿವೃತ್ತಿಯಾಗುವ ತನಕ ಸಾಲ ಕೇಳುವವರಿಗೆ ಹಾಕಿದ ಪ್ರತಿ ಪ್ರಶ್ನೆಯನ್ನೂ ಮಾರುವವರಿಗೆ ಎರಡು ಸಲ ಹಾಕಿದ್ದೇನೆ. ಆ ಸಾಲದ ಕೊನೆಯ ಕಂತನ್ನು ಮೌಲಾಬಿ ಅವಧಿಗಿಂತ ಎಂಟು ತಿಂಗಳು ಮೊದಲೇ ಕಟ್ಟಿದರೆಂದು ಸೇಡಂಗೆ ವರ್ಗವಾದ ಮೇಲೆ ಕೇಳಿದೆ. ತಪ್ಪಾಯಿತೆಂದು ಅವರಿಗೆ ನಾಲ್ಕು ಸಾಲು ಕಾಗದ ಬರೆಯಬೇಕಿತ್ತು. ಬರೆಯದೇ ಉಳಿದೆ. ಈಗ ಬರೆಯೋಣವೆಂದರೆ ಅವರಿಲ್ಲ. ಅದಕ್ಕೇ ಇದನ್ನು ನಿಮ್ಮೆದುರಿಗೆ ಬರೆದಿದ್ದೇನೆ.