ಬದುವಿನಾಚೆಯ ಓಬಣ್ಣ

ಬದುವಿನಾಚೆಯ ಓಬಣ್ಣ ಹಕ್ಕಿಗಳನ್ನೆಲ್ಲ ನನ್ನ ಹೊಲಕ್ಕೇ ಓಡಿಸುತ್ತಾನೆಂಬ ಸಿಟ್ಟು ನನಗೆ ಇನ್ನೂ ಆರಿಲ್ಲ. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಕೆದಕುವ ನವಿಲಿಗೂ, ಆಮೇಲೆ ಸಜ್ಜೆ ತೆನೆಗೆ ಬೀಳುವ ಗಿಳಿಗೂ ಅವನದು ಒಂದೇ ಕವಣೆ, ಒಂದೇ ಕೂಗು. ಸೀಗೆ ಹುಣ್ಣಿಮೆಗೆ ಹೊಲದ ತುಂಬ ಎಡೆಯ ಅನ್ನ ಎರಚಿ ಚರಗ ಚೆಲ್ಲುವ ದಿನ ಮಾತ್ರ ಕವಣೆ ಮುಟ್ಟುವುದಿಲ್ಲ. ಅವತ್ತು ಹಕ್ಕಿಗಳು ಅವನಿಗೆ ನೆಂಟರು. ಉಳಿದ ದಿನ ನಾನು ಬೈದರೆ, "ಅವೂ ಎಲ್ಲಿಗಾರ ಹೋಗ್ಬೇಕಲ್ಲೋ ತಮ್ಮಾ" ಎಂದು ಬೀಡಿ ಹಚ್ಚುತ್ತಾನೆ. ಬೈದು ಬೈದು ನನಗೇ ಸಾಕಾಗಿದೆ. ಕಾಲು ಮುರಿದು ನಾನು ಆಸ್ಪತ್ರೆಯಲ್ಲಿದ್ದ ವರ್ಷ, ಅವನು ನನ್ನ ಹೊಲದಲ್ಲಿ ನಿಂತು ಗಿಳಿಗಳನ್ನು ತನ್ನ ಹೊಲಕ್ಕೆ ಓಡಿಸಿದನೆಂದು ನನ್ನ ಹೆಂಡತಿ ಹೇಳಿದಳು. ನನ್ನ ತೆನೆ ಉಳಿಯಿತು, ಅವನದು ಬರೀ ಹೊಟ್ಟಾಯಿತು. ಒಂದು ಚೀಲ ಸಜ್ಜೆ ಹೊತ್ತು ಅವನ ಮನೆಗೆ ಹೋಗಿ, "ಹಿಂಗ್ಯಾಕೆ ಮಾಡ್ದೆ ಅಣ್ಣ?" ಎಂದು ಕೇಳಿದೆ. "ಅವೂ ಎಲ್ಲಿಗಾರ ಹೋಗ್ಬೇಕಲ್ಲೋ" ಎಂದ. ಚೀಲ ನನ್ನ ಹೆಗಲ ಮೇಲೆಯೇ ವಾಪಸು ಬಂತು.