ಮುಂದಿನ ಸಾಲಿನ ತಾಳ

ಇಲ್ಲಿ ಸಿಂಗಪುರದಲ್ಲಿ ನನ್ನ ಮಗಳು ಜುರಾಂಗ್ ಈಸ್ಟ್‌ಗೆ ಪಿಯಾನೋ ಪಾಠಕ್ಕೆ ಹೋಗುತ್ತಾಳೆ. ಈ ವರ್ಷ ಟೀಚರ್ ಅವಳಿಗೆ ಕೊಟ್ಟದ್ದು ಟರ್ಕಿಯ ಹಳ್ಳಿ ಕುಣಿತದ ಲಯವನ್ನು ಪಿಯಾನೋಗೆ ಇಳಿಸಿದ ಒಂದು ಪುಟ್ಟ ಕೃತಿ. ಏಳು ಮಾತ್ರೆಯ ಆವರ್ತ ಎಂದು ಕೇಳಿದ್ದೇ ತಡ, ನಾನು ಉಬ್ಬಿಹೋದೆ. ಮೈಸೂರಿನಲ್ಲಿ ಮದುವೆಯಾಗುವವರೆಗೂ ಸಂಗೀತ ಕಲಿತವಳಲ್ಲವೇ!

"ಅಯ್ಯೋ, ಇದು ನಮ್ಮ ಮಿಶ್ರಛಾಪು ಕಣೇ! ತಕಿಟ ತಕಧಿಮಿ. ಇದನ್ನ ಟರ್ಕಿಯವರ ಹತ್ರ ಕಲೀಬೇಕಾ?"

"ಅದಲ್ಲ ಅಮ್ಮಾ. ನಿಂದ್ರಲ್ಲಿ ಮೂರು ಮೊದ್ಲು ಬರತ್ತೆ. ಇಲ್ಲಿ ಎರಡು, ಎರಡು, ಆಮೇಲೆ ಮೂರು. ಉದ್ದದ್ದು ಲಾಸ್ಟಲ್ಲಿ ಬರತ್ತೆ."

"ಒಟ್ಟು ಏಳೇ ತಾನೇ?" ಎಂದು ಅವಳ ಬಾಯಿ ಮುಚ್ಚಿಸಿದೆ. ಮನೆಗೆ ಬಂದ ಗೆಳತಿಯರ ಮುಂದೆಲ್ಲ, ಲಯ ನಮ್ಮ ರಕ್ತದಲ್ಲೇ ಇದೆ ಎಂದು ಕೊಚ್ಚಿಕೊಂಡದ್ದೂ ಆಯಿತು.

ಕಳೆದ ತಿಂಗಳು ಟೀಚರ್ ತಮ್ಮ ವಿದ್ಯಾರ್ಥಿಗಳದೊಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ನುಡಿಸಿದವರಿಗೆ ವರ್ಷದ ಕೊನೆಗೆ ದೊಡ್ಡ ವೇದಿಕೆ. ಮಗಳ ಕಣ್ಣೆಲ್ಲ ಅದರ ಮೇಲೆಯೇ. ಊಟ ತಿಂಡಿ ಮರೆತು ಅಭ್ಯಾಸ ಮಾಡಿದ್ದಳು.

ನಾನು ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತೆ. ನಮ್ಮ ಕಡೆ ಕಛೇರಿಗಳಲ್ಲಿ ಮುಂದೆ ಕೂತವರು ತೊಡೆಯ ಮೇಲೆ ತಾಳ ಹಾಕಿದರೇ ಹಾಡುವವರಿಗೆ ಹುರುಪು. ಅವಳು ಶುರು ಮಾಡಿದಳು, ನನ್ನ ಕೈಯೂ ಶುರುವಾಯಿತು, ಜೊತೆಗೆ ಬಳೆಗಳ ಸದ್ದು ಬೇರೆ. ಪಕ್ಕದ ಚೀನೀ ಆಂಟಿ ತಿರುಗಿ ನೋಡಿದರು. ಮೆಚ್ಚಿದರು ಎಂದುಕೊಂಡೆ. ಮಗಳ ಉದ್ದದ ಪೆಟ್ಟು ಕೊನೆಯಲ್ಲಿ ಬೀಳುತ್ತಿತ್ತು, ನನ್ನದು ಮೊದಲಲ್ಲಿ. ಅದು ನನಗೆ ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿಸಿತು. ಅವಳೇ ತಪ್ಪುತ್ತಿದ್ದಾಳೆ ಎಂದು ಇನ್ನಷ್ಟು ಗಟ್ಟಿಯಾಗಿ ಹಾಕಿದೆ.

ಅವಳು ಒಮ್ಮೆ ನನ್ನತ್ತ ನೋಡಿದಳು. ಬೆರಳು ತಡವರಿಸಿತು, ಕೃತಿ ಅರ್ಧಕ್ಕೇ ನಿಂತುಹೋಯಿತು. ಮತ್ತೆ ಮೊದಲಿಂದ ನುಡಿಸಿ ಮುಗಿಸಿದಳು, ನಿಜ. ಆದರೆ ದೊಡ್ಡ ವೇದಿಕೆ ಇನ್ನೊಬ್ಬ ಹುಡುಗಿಯ ಪಾಲಾಯಿತು.

ಆಂಗ್ ಮೋ ಕಿಯೋದ ನಮ್ಮ ಮನೆಗೆ ವಾಪಸಾಗುವಾಗ ಎಂಆರ್‌ಟಿ ರೈಲಿನಲ್ಲಿ ಕೇಳಿದೆ, "ಯಾಕೆ ಪುಟ್ಟಿ ನಿಲ್ಲಿಸ್ಬಿಟ್ಟೆ?"

"ನಿನ್ನ ಕೈ ನೋಡ್ದೆ. ಚಿಕ್ಕೋಳಿದ್ದಾಗಿಂದ ನಾನು ತಪ್ಪಿದಾಗೆಲ್ಲ ನೀನೇ ತಾಳ ಹಾಕಿ ಕರೆಕ್ಟ್ ಮಾಡ್ತಿದ್ದೆ ಅಲ್ವಾ. ಸೋ, ನಂದೇ ತಪ್ಪು ಅನ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಹಿಡಿಯಷ್ಟಾದೆ. ಅವಳು ಇಯರ್‌ಫೋನ್ ಹಾಕಿಕೊಂಡಳು.

ಆ ಕೃತಿಯನ್ನು ಅವಳು ಬಿಟ್ಟಿಲ್ಲ, ಈಗಲೂ ನುಡಿಸುತ್ತಾಳೆ. ನಾನು ರೂಮಿಗೆ ಕಾಲಿಟ್ಟರೆ ಮಾತ್ರ ಅವಳ ಕಣ್ಣು ಮೊದಲು ನನ್ನ ಕೈಗೇ ಹೋಗುತ್ತದೆ. ಅದಕ್ಕೇ ತಿಂಡಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗುತ್ತೇನೆ.