ಭಟ್ಟರ ಹುಳಿ, ನನ್ನ ಸ್ಪ್ಯಾನಿಷ್

2023ರ ಮಳೆಗಾಲ. ರಫ್ತು ಕಂಪನಿಯೊಂದರಲ್ಲಿ ಸ್ಪ್ಯಾನಿಷ್ ಪತ್ರವ್ಯವಹಾರ ನೋಡಿಕೊಂಡಿದ್ದ ನಾನು ನಿವೃತ್ತಳಾಗಿ, ನೆರೂಳದ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲೇ ಹಲವು ವರ್ಷಗಳಿಂದ ಸ್ಪ್ಯಾನಿಷ್ ಕ್ಲಾಸ್ ನಡೆಸುತ್ತಿದ್ದೆ. ಬರುವವರು ಹೆಚ್ಚಾಗಿ ಕಾಲೇಜು ಹುಡುಗಿಯರು. ವ್ಯಾಕರಣದಲ್ಲಿ ನಾನು ಬಲು ಕಟ್ಟುನಿಟ್ಟು ಎಂದು ಅವರ ತಾಯಂದಿರು ಮೆಚ್ಚುತ್ತಿದ್ದರು, ಅದೇ ಕಾರಣಕ್ಕೆ ಹುಡುಗಿಯರು ಬೈದುಕೊಳ್ಳುತ್ತಿದ್ದರು. ಇನ್ನೊಬ್ಬರ ತಪ್ಪು ಕಂಡರೆ ಧಾರವಾಡದ ಈ ಹೆಂಗಸಿಗೆ ಕೈಕಟ್ಟಿ ಕೂರಲು ಬರುವುದಿಲ್ಲ. ಅದನ್ನು ನಾನು ಬಹುಕಾಲ ಶಿಸ್ತು ಎಂದೇ ತಿಳಿದಿದ್ದೆ.

ಆ ಜುಲೈಯಲ್ಲಿ ವಾಸುದೇವ ಭಟ್ಟರು ಬಂದರು. ಉಡುಪಿ ಕಡೆಯವರು, ವಯಸ್ಸು ನಲವತ್ತೆಂಟು. ಥಾಣೆಯ ನೌಪಾಡಾದ ಸಣ್ಣ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಮುಖ್ಯ ಅಡುಗೆಯವರು. ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಕೊಟ್ಟಿದ್ದರಿಂದ ದೀಪಾವಳಿಗೆ ಹೋಟೆಲ್ ಮುಚ್ಚುವುದು ಖಚಿತವಾಗಿತ್ತು. ಅಷ್ಟರಲ್ಲಿ ನೆಂಟರೊಬ್ಬರ ಮೂಲಕ ಸ್ಪೇನಿನ ವೆಲೆನ್ಸಿಯಾದ ಸಸ್ಯಾಹಾರಿ ಹೋಟೆಲೊಂದರ ಸುದ್ದಿ ಬಂದಿತ್ತು. ಅದರ ಒಡತಿ ಪಿಲಾರ್ ಎಂಬಾಕೆಗೆ ಇಂಗ್ಲಿಷ್ ಬಾರದು. ಎಂಟು ವಾರದ ನಂತರ ವಿಡಿಯೊ ಕಾಲ್‌ನಲ್ಲಿ ಸಂದರ್ಶನ. ಒಂದು ಅಡುಗೆ ಮಾಡುತ್ತಾ, ಮಾಡುವುದನ್ನೆಲ್ಲ ಸ್ಪ್ಯಾನಿಷಿನಲ್ಲಿ ವಿವರಿಸಬೇಕು.

"ಟೀಚರೇ, ಈ ಪ್ರಾಯದ ಅಡುಗೆಯವನನ್ನು ಇನ್ನು ಯಾರು ಇಟ್ಕೊಳ್ತಾರೆ? ಇದೊಂದು ಆಗ್ಲೇಬೇಕು," ಎಂದರು.

ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ, ನೆರೂಳ ಲೋಕಲ್ ರೈಲು ಹಿಡಿದು ಅವರು ನಮ್ಮ ಮನೆಗೆ ಬರುವಾಗ ಮೂರೂವರೆ. ಸ್ಪ್ಯಾನಿಷಿನಲ್ಲೂ ನಮ್ಮಲ್ಲಿಯ ಹಾಗೆ, ಕೆಲಸ ಮಾಡುವವರು ಯಾರೆಂಬುದರ ಮೇಲೆ ಕ್ರಿಯಾಪದದ ಬಾಲ ಬದಲಾಗುತ್ತದೆ. ನಾನು, ನೀನು, ಅವನು, ನಾವು, ನೀವು, ಅವರು ಎಂದು ಆರು ರೂಪ. ಎರಡು ವಾರ ಅದನ್ನೇ ಬಾಯಿಪಾಠ ಮಾಡಿಸಿದೆ. ಭಟ್ಟರು ಮೂರನೆಯ ರೂಪಕ್ಕೆ ಬರುವಷ್ಟರಲ್ಲಿ ತೂಕಡಿಸುತ್ತಿದ್ದರು. ಬೆಳಗ್ಗೆ ನಾಲ್ಕಕ್ಕೆ ಎದ್ದವರನ್ನು ಬೈಯುವುದಾದರೂ ಹೇಗೆ?

ಒಂದು ದಿನ ನಾನು ಚಹಾ ಮಾಡಲು ಎದ್ದಾಗ ಹಿಂದೆಯೇ ಬಂದರು. "ಶುಂಠಿ ಹೀಗೆ ಜಜ್ಜುದಾ ಟೀಚರೇ? ಇತ್ಲಾಗಿ ಕೊಡಿ," ಎಂದು ಕುಟ್ಟಾಣಿಯನ್ನೇ ಕಸಿದುಕೊಂಡರು. ಅವರ ಕಣ್ಣಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ. ಮರುದಿನವೇ ಕ್ಲಾಸ್ ಅಡುಗೆಮನೆಗೆ ವರ್ಗವಾಯಿತು.

ನನ್ನ ಮಸಾಲೆ ಡಬ್ಬಿಯಲ್ಲಿ ನಡುವೆ ಒಂದು, ಸುತ್ತ ಆರು ಬಟ್ಟಲು. ನಡುವಿನದು ಮೂಲ ಕ್ರಿಯಾಪದ, ಸುತ್ತಲಿನವು ಅದರ ಆರು ರೂಪ ಎಂದೆ. 'ಕೊರ್ತಾರ್' ಎಂದರೆ ಹೆಚ್ಚುವುದು. ಸಾಸಿವೆ ಮುಟ್ಟಿದರೆ 'ಕೊರ್ತೊ', ನಾನು ಹೆಚ್ಚುತ್ತೇನೆ. ಜೀರಿಗೆ ಮುಟ್ಟಿದರೆ 'ಕೊರ್ತಾಸ್', ನೀನು ಹೆಚ್ಚುತ್ತೀ. ಭಟ್ಟರು ಲೋಕಲ್‌ನಲ್ಲೂ ಗಾಳಿಯಲ್ಲೇ ಬಟ್ಟಲು ಮುಟ್ಟುತ್ತಾ ಗುನುಗುತ್ತಿದ್ದರಂತೆ. ಜಪ ಎಂದುಕೊಂಡು ಒಬ್ಬರು ಸೀಟನ್ನೇ ಬಿಟ್ಟುಕೊಟ್ಟರಂತೆ.

ಡಬ್ಬಿಗೆ ಬಗ್ಗದ ಕ್ರಿಯಾಪದಗಳೂ ಇದ್ದವು. 'ಹಾಕಿದರು' ಎನ್ನಲು 'ಪುಸೊ' ಎನ್ನಬೇಕು. ಅದು ಯಾವ ನಿಯಮಕ್ಕೂ ಸಿಗದ ರೂಪ. ಎಂಟನೆಯ ವಾರದಲ್ಲೂ ಭಟ್ಟರು ಅದನ್ನು ತಪ್ಪೇ ಹೇಳುತ್ತಿದ್ದರು, ನಾನು ಪ್ರತಿ ಸಲವೂ ನಡುವೆ ಬಾಯಿ ಹಾಕಿ ತಿದ್ದುತ್ತಿದ್ದೆ. ಪಾಠ ಮುಗಿದೊಡನೆ ಅವರು ಮಾಡಿದ್ದನ್ನು ಮುಚ್ಚಿಟ್ಟು ಸ್ಟೇಷನ್ನಿಗೆ ಓಡುತ್ತಿದ್ದರು, ತಿನ್ನುವವಳು ನಾನು. ಎರಡು ತಿಂಗಳಲ್ಲಿ ಮೂರು ಕಿಲೊ ದಪ್ಪಗಾದೆ. ಅವರು ಒಮ್ಮೆಯೂ ರುಚಿ ನೋಡಿದ್ದಿಲ್ಲ ಎಂಬುದು ಮಾತ್ರ ನನ್ನ ಗಮನಕ್ಕೆ ಬರಲಿಲ್ಲ.

ಸಂದರ್ಶನದ ದಿನ ಉಪ್ಪಿನಕಾಯಿ ಭರಣಿಗೆ ಒರಗಿಸಿ ಫೋನ್ ಇಟ್ಟೆವು. ಮಾಡುವುದು ಕುಂಬಳಕಾಯಿ ಹುಳಿ. ನಾನು ಹೊರಗಿಂದ ಕೊತ್ತಂಬರಿ ತರುವಷ್ಟರಲ್ಲಿ ಭಟ್ಟರು ಬೇಳೆ ಬೇಯಿಸಿಟ್ಟಿದ್ದರು. ನಾಲ್ಕಕ್ಕೆ ಪಿಲಾರ್ ತೆರೆಯ ಮೇಲೆ ಬಂದಾಗ ನಾನು ಬದಿಗೆ ಸರಿದು ನಿಂತೆ. ಭಟ್ಟರು ಸಿಪ್ಪೆ ತೆಗೆದರು, ಹೆಚ್ಚಿದರು, ಮಸಾಲೆ ರುಬ್ಬಿದರು, ಎಲ್ಲವನ್ನೂ ಸ್ಪ್ಯಾನಿಷಿನಲ್ಲಿ ಹೇಳುತ್ತಲೇ ಹೋದರು. ಹುಳಿ ಕುದಿಯತೊಡಗಿತು, ಆದರೆ ಅವರು ಉಪ್ಪು ಹಾಕಿದ್ದನ್ನು ನಾನು ನೋಡಲೇ ಇಲ್ಲ. ಗಾಬರಿಯಲ್ಲಿ ಮರೆತಿದ್ದಾರೆ ಎಂದುಕೊಂಡೆ. ಕರಿಬೇವು ತೊಳೆಯಲು ಅವರು ನಲ್ಲಿಯ ಕಡೆ ತಿರುಗಿದ್ದೇ ತಡ, ಒಂದು ಚಮಚ ತುಂಬ ಉಪ್ಪು ಹಾಕಿ ಕೈ ಹಿಂದಕ್ಕೆಳೆದುಕೊಂಡೆ. ಒಬ್ಬರ ಬದುಕನ್ನೇ ಉಳಿಸಿದೆನೆಂದು ಒಳಗೊಳಗೇ ಹಿಗ್ಗಿದೆ.

ಒಗ್ಗರಣೆಯೂ ಆಯಿತು. ಆಗ ಪಿಲಾರ್, "ಪ್ರುಯೆಬೆ" ಎಂದಳು. ರುಚಿ ನೋಡಿ.

ಭಟ್ಟರು ಸೌಟು ಹಿಡಿದು ನಿಂತುಬಿಟ್ಟರು. ಪದ ಮರೆತುಹೋಯಿತೆಂದು ನಾನು ಫೋನಿನ ಹಿಂದಿನಿಂದ ತಿನ್ನುವ ಅಭಿನಯ ಮಾಡಿದೆ.

"ಅರ್ಥ ಆಗಿದೆ ಟೀಚರೇ," ಎಂದರು ಮೆಲ್ಲಗೆ. "ನೈವೇದ್ಯ ಆಗದೆ ರುಚಿ ನೋಡುವ ಕ್ರಮ ಇಲ್ಲ ನಮ್ಮಲ್ಲಿ. ಹೋಟೆಲಲ್ಲೂ ಮೊದಲ ಸೌಟು ದೇವರ ಫೋಟೊಕ್ಕೇ."

"ಭಟ್ರ, ಒಂದ್ ಚಮಚ ಬಾಯಾಗ ಹಾಕ್ಕೋರಿ! ಕೆಲಸ ಹೋಗ್ತದ್ರಿ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

ಅವರು ನನ್ನ ಕಡೆ ನೋಡಲಿಲ್ಲ. ಫೋನಿನತ್ತ ತಿರುಗಿ, ಮೊದಲು ದೇವರು, ಆಮೇಲೆ ನಾನು, ಎರಡು ನಿಮಿಷ ಕೊಡಿ ಎಂದು ತಮ್ಮ ಮಸಾಲೆ ಡಬ್ಬಿ ಸ್ಪ್ಯಾನಿಷಿನಲ್ಲೇ ಹೇಳಿದರು. ಪಿಲಾರ್ ತಲೆಯಾಡಿಸಿದಳು. ನನ್ನ ದೇವರ ಗೂಡಿನ ಮುಂದೆ ಒಂದು ಬಟ್ಟಲು ಹುಳಿ, ಮೇಲೊಂದು ತುಳಸಿ ದಳ ಇಟ್ಟು ಭಟ್ಟರು ಕಣ್ಣು ಮುಚ್ಚಿದರು. ಕೆಲಸ ಕೈತಪ್ಪಿತೆಂದು ನನಗೆ ಅಳುವೇ ಬಂತು.

ಬಂದು ಅಂಗೈಗೆ ಒಂದಿಷ್ಟು ಹಾಕಿಕೊಂಡು ರುಚಿ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಆದರೆ ನೋಡಿದ್ದು ಫೋನನ್ನಲ್ಲ, ನನ್ನನ್ನು. ಆಮೇಲೆ ಸ್ಪಷ್ಟವಾಗಿ ಹೇಳಿದರು: "ಎಸ್ತಾ ಸಲಾದಾ. ಲಾ ಪ್ರೊಫೆಸೊರಾ ತಾಂಬಿಯೆನ್ ಪುಸೊ ಸಾಲ್."

ಉಪ್ಪಾಗಿದೆ. ಟೀಚರೂ ಉಪ್ಪು ಹಾಕಿದರು.

ಎಂಟು ವಾರದಲ್ಲಿ ಮೊದಲ ಸಲ 'ಪುಸೊ' ಸರಿಯಾಗಿ ಬಂದಿತ್ತು, ಅದೂ ನನ್ನ ಮೇಲೆ ದೂರು ಕೊಡಲು! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಒಳಗಿನ ಮೇಷ್ಟ್ರಮ್ಮ 'ಭೇಷ್' ಎಂದಳು.

ಪಿಲಾರ್ ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕಳು. ಬಳೆ ತೊಟ್ಟ ಕೈಯೊಂದು ಬದಿಯಿಂದ ಬಂದು ಪಾತ್ರೆಗೆ ಏನೋ ಹಾಕಿದ್ದನ್ನು ಅವಳು ಕಂಡಿದ್ದಳಂತೆ. ಅಡುಗೆಯವನು ಅದನ್ನು ಮುಚ್ಚಿಡುತ್ತಾನೋ ಹೇಳುತ್ತಾನೋ ನೋಡೋಣವೆಂದೇ ರುಚಿ ನೋಡಲು ಹೇಳಿದ್ದಳಂತೆ. ಕೆಲಸ ಕೊಟ್ಟಳು. ರುಚಿ ನೋಡದೆ ಯಾವುದೂ ತನ್ನ ಅಡುಗೆಮನೆಯಿಂದ ಹೊರಗೆ ಹೋಗಕೂಡದು ಎಂಬುದು ಅವಳ ಷರತ್ತು. ಅಲ್ಲೊಂದು ದೇವರ ಗೂಡು ಬೇಕು ಎಂಬುದು ಭಟ್ಟರದು. ಇಬ್ಬರೂ ಒಪ್ಪಿಕೊಂಡರು.

ಫೋನ್ ಇಟ್ಟ ಮೇಲೆ ನಾನು ತಲೆಯೆತ್ತಲಿಲ್ಲ. ಭಟ್ಟರು ಹುಳಿಗೆ ಇನ್ನಷ್ಟು ಬೇಳೆ ಬೆರೆಸುತ್ತಾ, "ಉಪ್ಪು ಬೇಳೆಗೇ ಹಾಕಿದ್ದೆ ಟೀಚರೇ. ನೀವು ಒಂದು ಮಾತು ಕೇಳ್ಬಹುದಿತ್ತಲ್ಲ," ಎಂದರು.

ಅಷ್ಟು ವರ್ಷ ಪಾಠ ಹೇಳಿದ ನನಗೆ ಯಾರೂ ಅದನ್ನು ಹೇಳಿರಲಿಲ್ಲ. ಎಷ್ಟು ಹುಡುಗಿಯರ ವಾಕ್ಯ ಬೇಯುವ ಮೊದಲೇ ನನ್ನ ಚಮಚ ಹಾಕಿದ್ದೇನೋ! ಈಗ ವಿದ್ಯಾರ್ಥಿ ತಡವರಿಸಿದರೆ ನಾನು ತುಟಿ ಬಿಚ್ಚುವುದಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅವರು ಮುಗಿಸುವವರೆಗೂ ಕಾಯುತ್ತೇನೆ.